ಗೇಟಿನ ಮನೆಯ ತಾಯಿ, ಮಗಳು

ನನ್ನ ತಂಗಿಗೆ ಕಿವಿ ಹೋದದ್ದು ಅವಳು ಆರನೆಯ ಇಯತ್ತೆಯಲ್ಲಿದ್ದಾಗ. ಮೆದುಳು ಜ್ವರ ಬಂದು ಬೆಳಗಾವಿಯ ಆಸ್ಪತ್ರೆಯಲ್ಲಿ ಮಲಗಿದ್ದಳು. ಜೀವ ಉಳಿಯಿತು, ಕಿವಿ ಉಳಿಯಲಿಲ್ಲ. ಗೋಕಾಕಿನ ನಮ್ಮ ಮನೆಗೆ ಮರಳಿದ ಹೊಸತರಲ್ಲಿ ಮಾತಾಡುತ್ತಿದ್ದಳು. ಆದರೆ ತನ್ನ ದನಿ ತನಗೇ ಕೇಳದ್ದರಿಂದ ಅದು ಒಮ್ಮೆ ಚೀರಿದಂತೆ, ಒಮ್ಮೆ ಗೊಣಗಿದಂತೆ ಬರುತ್ತಿತ್ತು. ಓಣಿಯ ಹುಡುಗಿಯರು ನಕ್ಕರು. ಆ ನಗು ಅವಳಿಗೆ ಕೇಳಿಸಲಿಲ್ಲ, ಕಾಣಿಸಿತು. ಅಂದಿನಿಂದ ಮನೆಯವರನ್ನು ಬಿಟ್ಟು ಯಾರೆದುರಿಗೂ ಬಾಯಿ ತೆರೆಯಲಿಲ್ಲ.

ಸಂಜೆ ನಾವೆಲ್ಲ ಟೀವಿ ಮುಂದೆ ಕೂಡುತ್ತಿದ್ದೆವು. ನಾವು ನಕ್ಕಾಗ ಅವಳು ನಮ್ಮ ಮುಖ ನೋಡಿ ಕೊಂಚ ತಡವಾಗಿ ನಗುತ್ತಿದ್ದಳು. "ಏನಂದಾ?" ಎಂದು ಕೇಳಿದರೆ ಅವ್ವ ಕೈ ಅಲ್ಲಾಡಿಸಿ, "ಆಮ್ಯಾಲ ಹೇಳ್ತೀನಿ ತಡಿ" ಅನ್ನುತ್ತಿದ್ದಳು. ಆ ಆಮೇಲೆ ಯಾವತ್ತೂ ಬರಲಿಲ್ಲ. ಸ್ವಲ್ಪ ದಿನಕ್ಕೆ ತಂಗಿ ಕೇಳುವುದನ್ನೇ ಬಿಟ್ಟಳು.

ತಂಗಿಗೆ ಹತ್ತೊಂಬತ್ತು ತುಂಬಿತ್ತು. ನಾನಾಗ ಕುಲಗೋಡದಲ್ಲಿ ಪ್ರಾಥಮಿಕ ಸಾಲೆಯ ಶಿಕ್ಷಕಿ. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಊರಿಗೆ ಸಿ.ಡಿ. ಬಂದು ಕ್ಯಾಸೆಟ್ಟಿನ ಕಾಲ ಮುಗಿಯುತ್ತಿತ್ತು. ಅಪ್ಪ ತನ್ನ ಪಾತ್ರೆ-ಭಾಂಡೆ ಅಂಗಡಿಯ ದೀಪಾವಳಿ ವ್ಯಾಪಾರ ಚಲೋ ಆದ ವರ್ಷ ಮನೆಗೊಂದು ಸಿ.ಡಿ. ಪ್ಲೇಯರ್ ತಂದ. ಬಸ್‌ಸ್ಟ್ಯಾಂಡಿನ ಹತ್ತಿರ ಬಾಡಿಗೆಗೆ ಸಿ.ಡಿ. ಕೊಡುವ ಅಂಗಡಿಯಿತ್ತು. ಒಂದು ಶನಿವಾರ ಅಲ್ಲಿ, ಎಲ್ಲಕ್ಕಿಂತ ಕೆಳಗಿನ ಖಾನೆಯಲ್ಲಿ, ರಬ್ಬರ್ ಹಾಕಿ ಕಟ್ಟಿಟ್ಟ ಒಂದು ಕಟ್ಟು ಕಂಡಿತು. ಮೇಲೆ ಧೂಳು. ಹೊದಿಕೆಯ ಮೇಲೂ ಒಳಗಿನ ಸಿ.ಡಿ.ಗಳ ಮೇಲೂ ಒಂದೇ ಚಿತ್ರ: ಸುರಿಯುವ ಹಿಮ, ರೈಲ್ವೆ ಗೇಟು, ಕಂದೀಲು ಹಿಡಿದು ನಿಂತ ಹುಡುಗಿ.

"ಅವು ಜಪಾನದ್ದೋ ಚೀನಾದ್ದೋ ಅದಾವ್ರಿ ಅಕ್ಕೋರ," ಎಂದ ಅಂಗಡಿಯವ. "ಮುಂಬೈಯಿಂದ ಬಂದ ಮಾಲಿನಾಗ ಕೂಡಿ ಬಂದಾವ. ಹುಡುಗೂರು ಒಯ್ದು ಮರುದಿನಾನ ತಂದು ಒಗದ್ರು. ಹೊಡದಾಟನ ಇಲ್ಲಂತ. ಮಾತೂ ತಿಳಿಯಂಗಿಲ್ಲ."

"ಇರ್ಲಿ ಕೊಡ್ರಿ," ಎಂದೆ. ಯಾಕೆಂದು ಆಗ ನನಗೂ ಗೊತ್ತಿರಲಿಲ್ಲ. ಇಂಥವುಗಳಿಗೆ ಅನಿಮೆ ಎಂಬ ಹೆಸರಿದೆಯೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂದು ನಮಗದು ಬರೀ ಕಾರ್ಟೂನು.

ಮರುದಿನ ಹಚ್ಚಿದೆವು. ಅವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ಪರದೆಯ ಕೆಳಗೆ ಇರುವೆ ಹರಿದಂಥ ಅಕ್ಷರ, ಮೇಲೆ ತಿಳಿಯದ ಭಾಷೆ. ಸ್ವಲ್ಪ ಹೊತ್ತಿಗೆ ಅಪ್ಪ, "ಏನನ್ನಾಕತ್ತಾರ ಇವರು?" ಎಂದು ನನ್ನ ಮುಖ ನೋಡಿದ. ನಾನು ಅವ್ವನ ಮುಖ ನೋಡಿದೆ. ಆಗ ತಂಗಿ, ಎಷ್ಟೋ ದಿನದ ಮೇಲೆ, ದೊಡ್ಡ ದನಿಯಲ್ಲಿ ಹೇಳಿದಳು:

"ಆ ಹುಡುಗಿ ಅಪ್ಪ ಸತ್ತಾನ. ಅವನ ಕೆಲಸ ಅವ್ವಗ ಕೊಟ್ಟಾರ."

"ನಿನಗ ಹೆಂಗ ತಿಳೀತು?" ಎಂದು ಕೈ ಮಾಡಿ ಕೇಳಿದೆ.

ಅವಳು ಪರದೆಯತ್ತ ಬೊಟ್ಟು ಮಾಡಿದಳು. ಗೇಟು ಕಾಯುವ ಹೆಂಗಸು ಗಂಡಸಿನ ಕೋಟು ತೊಟ್ಟಿದ್ದಳು. ತೋಳು ಉದ್ದವಾಗಿ ಮಡಚಿಕೊಂಡಿದ್ದಳು. ನಾವ್ಯಾರೂ ಅದನ್ನು ಗಮನಿಸಿರಲಿಲ್ಲ.

ಹಾಗೆ ಆ ಕಥೆಯನ್ನು ನಮಗೆ ತಂಗಿಯೇ ಹೇಳತೊಡಗಿದಳು. ಅದರಲ್ಲಿ ದೊಡ್ಡದೇನೂ ನಡೆಯುತ್ತಿರಲಿಲ್ಲ. ಹಿಮದ ಊರಿನಲ್ಲಿ ಒಂದು ಗೇಟು, ತಾಯಿ, ಮಗಳು. ರೈಲು ಬರುವ ಹೊತ್ತಿಗೆ ಗೇಟು ಹಾಕುವುದು, ಹೋದ ಮೇಲೆ ತೆಗೆಯುವುದು. ಒಂದು ಭಾಗದಲ್ಲಿ ಯಾರದೋ ಕುದುರೆ ಹಳಿಯ ಮೇಲೆ ಬಿದ್ದಿತು, ಅಷ್ಟೇ. ಒಮ್ಮೆ ತಂಗಿ ನನ್ನ ಕಡೆ ತಿರುಗಿ, "ಅಕ್ಕಾ, ಇವರ ಬಾಯಿ ಬರೇ ತೆರಿತಾವ, ಮುಚ್ತಾವ. ಅದರಾಗ ಒಂದು ಮಾತೂ ಇಲ್ಲ," ಎಂದಳು. ಬೇರೆ ಏನು ನೋಡುವಾಗಲೂ ಅವಳ ಕಣ್ಣುಗಳು ಮಂದಿಯ ತುಟಿಗೆ ಅಂಟಿಕೊಂಡು ದಣಿಯುತ್ತಿದ್ದವು. ಇಲ್ಲಿ ತುಟಿಯನ್ನು ಬಿಟ್ಟು ಕೈ, ಕಣ್ಣು, ಬೆನ್ನು ನೋಡಿದಳು. "ನಿಮಗೂ ನನ್ನ ಹಂಗ ಆತಲ್ಲ," ಎಂದು ನಕ್ಕಳು. ಅಂದು ಅವಳು ನಮಗಿಂತ ಮೊದಲು ನಕ್ಕಳು.

ಮರಳಿಸಲು ಹೋದಾಗ ಅಂಗಡಿಯವ, "ನೀವ ಇಟ್ಕೋರಿ, ಯಾರೂ ಕೇಳಂಗಿಲ್ಲ," ಎಂದುಬಿಟ್ಟ. ಮಳೆಗಾಲವೆಲ್ಲ ಅದೇ ನೋಡಿದೆವು. ತಾಯಿ ಕೆಮ್ಮುತ್ತ ಸೊರಗಿದಳು, ಆಮೇಲೆ ಸತ್ತಳು. ಕೊನೆಗೆ ಹುಡುಗಿಯನ್ನು ಯಾರೋ ರೈಲು ಹತ್ತಿಸಿ ಒಯ್ದರು. ಅವಳು ಕಿಟಕಿಯಿಂದ ಗೇಟಿನ ಮನೆಯ ಕಡೆ ಏನೋ ಕೂಗಿದಳು.

"ಏನಂತ ಕೂಗಿದ್ಳು?" ಅಪ್ಪ ಕೇಳಿದ.

"ಮಾತಲ್ಲದು ಅಪ್ಪಾ," ಎಂದಳು ತಂಗಿ. "ಬರೇ ಒದರ್ಯಾಳ."

ಮುಂದಿನ ವರ್ಷ ಹುಕ್ಕೇರಿ ಕಡೆಯ ಒಂದು ಹಳ್ಳಿಯಿಂದ ಅವಳಿಗೆ ವರ ಬಂತು. ಹೆಂಡತಿ ಸತ್ತವ, ಹೊಲ ಇದ್ದವ. ಅವನ ತಾಯಿ ಜೊತೆಗೆ ಬಂದಿದ್ದಳು. "ಕಿವಿ ಕೇಳದಿದ್ರ ಏನಾತ್ರಿ? ಮನಿಗೆ ಕೈ ಬೇಕು," ಎಂದಳು. ಅಪ್ಪನಿಗೆ ಆ ಮಾತು ದೊಡ್ಡಗುಣವಾಗಿ ಕಂಡಿತು. ಅವರು ಹೋದ ಮೇಲೆ ತಂಗಿ, "ಆಕಿ ನಗೂವಾಗ ಕಣ್ಣು ನಗಲಿಲ್ಲ," ಎಂದಳು. ಅಪ್ಪ ಸಿಟ್ಟಿಗೆದ್ದ. "ಕಾರ್ಟೂನ ನೋಡಿದಂಗ ಮಂದೀನ ನೋಡಬ್ಯಾಡ." ಮದುವೆಯಾಯಿತು. ಆ ಕಟ್ಟನ್ನು ಅವಳು ಸೀರೆಗಳ ನಡುವೆ ಇಟ್ಟುಕೊಂಡು ಹೋದಳು.

ಜೋಳ ಹಾಲುಗಟ್ಟುವ ಕಾಲಕ್ಕೆ ನಾನು ಅವಳನ್ನು ನೋಡಲು ಹೋದೆ. ಬಸ್ಸಿಳಿದು ಅವರ ಹೊಲದ ಬದುವಿನ ಮೇಲೆ ನಡೆಯುತ್ತಿದ್ದಾಗ ಕಣ್ಣಿಗೆ ಫಳಕ್ಕೆಂದು ಬೆಳಕು ಹೊಡೆಯಿತು. ತೆನೆಗಳ ಮೇಲೆ ದಾರ ಕಟ್ಟಿ ಸಿ.ಡಿ.ಗಳನ್ನು ತೂಗುಬಿಟ್ಟಿದ್ದರು. ಗಾಳಿಗೆ ತಿರುಗಿದಂತೆ ಒಮ್ಮೆ ಬಿಸಿಲು, ಒಮ್ಮೆ ಕಂದೀಲು ಹಿಡಿದ ಹುಡುಗಿ.

"ನಮ್ಮ ಮನ್ಯಾಗ ಆ ಮಶೀನ ಎಲ್ಲೈತ್ರಿ? ಸುಮ್ನ ಬಿದ್ದಿದ್ವು," ಎಂದಳು ತಂಗಿಯ ಅತ್ತೆ, ನಾನು ಮನೆ ಮುಟ್ಟಿ ಕೇಳಿದಾಗ. "ಒಂದೂ ಹಕ್ಕಿ ಬರವಲ್ದು ನೋಡ್ರಿ ಈಗ."

ನಾನು ತಂಗಿಯ ಕಡೆ ನೋಡಿದೆ. ಬಸುರಿಯಾಗಿದ್ದಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಹೆರಿಗೆ ನಮ್ಮಲ್ಲೇ ಆಯಿತು, ಹೆಣ್ಣುಕೂಸು. ಮಲಗುವಾಗ ತಂಗಿ ಹಳೆಯ ಸೀರೆಯ ಪಟ್ಟಿಯೊಂದನ್ನು ಕೂಸಿನ ಕಾಲಿಗೆ ಸಡಿಲವಾಗಿ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿದ್ದಳು. ಕೂಸು ಒದ್ದರೆ ಸಾಕು, ಅಳುವ ಮೊದಲೇ ಎದ್ದಿರುತ್ತಿದ್ದಳು. ಅವ್ವ ಅದನ್ನು ನೋಡಿ ನೋಡಿ ಕಣ್ಣೊರೆಸಿಕೊಂಡಳು.

ಗಂಡನ ಮನೆಗೆ ಹೋದ ಮೇಲೆ ಅತ್ತೆ ಆ ಪಟ್ಟಿ ಬಿಚ್ಚಿದಳು. "ಅತ್ರ ಕೇಳಂಗಿಲ್ಲ, ಇಂಥಾಕಿ ಕೈಯಾಗ ಕೂಸು ಹೆಂಗ ಬಿಡೂದು?" ಎಂದು ಹಿರಿಸೊಸೆಯ ಮಗ್ಗುಲಲ್ಲಿ ಮಲಗಿಸಿದಳು. ಆ ಹಿರಿಸೊಸೆ ತಂಗಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ; ಅವಳಿಗೆ ಮಕ್ಕಳಿರಲಿಲ್ಲ. ಹಾಲು ಕುಡಿಸಲು ಮಾತ್ರ ತಂಗಿಯ ಕೈಗೆ ಕೊಡುತ್ತಿದ್ದರು. ಹಾಲು ಬಿಡಿಸಿದ ಮೇಲೆ ಅದೂ ನಿಂತಿತು.

ಒಂದು ಮಧ್ಯಾಹ್ನ ತಂಗಿ ಒಬ್ಬಳೇ ಬಸ್ಸು ಹಿಡಿದು ಗೋಕಾಕಿಗೆ ಬಂದಳು. ಬಾಗಿಲಲ್ಲಿ ನಿಂತು, "ಅಕ್ಕಾ, ಕೂಸು ಮಾತಾಡ್ತು," ಎಂದಳು. ನಾನು ಖುಷಿಪಟ್ಟು ಕೈ ಹಿಡಿದೆ. "ಅವ್ವಾ ಅಂತು," ಎಂದಳು. "ಬಾಯಿ ನೋಡಿದೆ. ನಮ್ಮ ನೆಗೆಣ್ಣಿ ಮುಖಾ ನೋಡಿ ಅಂತು."

ಕೂಸನ್ನು ಕೇಳಿ ತರಲು ತಂಗಿಯನ್ನು ಕರೆದುಕೊಂಡು ಅಪ್ಪ, ನಾನು ಆ ಹಳ್ಳಿಗೆ ಹೋದೆವು. ಅವಳ ಗಂಡ ನೆಲ ನೋಡುತ್ತ ನಿಂತಿದ್ದ. ಊರ ಹಿರಿಯರು ಕೂತಿದ್ದರು. "ಕೂಸಿನ್ನ ಕೇಳ್ರಿ. ಯಾರ ಹಂತ್ಯಾಕ ಹೋಗತೈತಿ ನೋಡ್ರಿ," ಎಂದು ಅತ್ತೆ ಅದನ್ನು ನಡುಮನೆಯಲ್ಲಿ ನಿಲ್ಲಿಸಿದಳು. ಅದು ತಪ್ಪುಹೆಜ್ಜೆ ಇಡುತ್ತ ಹಿರಿಸೊಸೆಯ ಸೆರಗು ಹಿಡಿಯಿತು. ಹಿರಿಯರು ಇನ್ನೇನೂ ಕೇಳಲಿಲ್ಲ. ಮರಳುವಾಗ ಬಸ್ಸಿನಲ್ಲಿ ಅಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡು ಕೂತ. ಕೋರ್ಟಿಗೆ ಹೋಗೋಣವೆಂದೆ. "ಕಿವುಡಿ ಅಂತ ಅಲ್ಲೂ ಅದನ್ನ ಹೇಳ್ತಾರವ್ವಾ," ಎಂದ.

ತಂಗಿ ಮತ್ತೆ ಆ ಮನೆಗೆ ಹೋಗಲಿಲ್ಲ. ಅಪ್ಪನ ಅಂಗಡಿಯಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಕೆಲಸ ಕಲಿತಳು. ಆ ಮಷಿನ್ನಿನ ಕರಕರ ನಮ್ಮ ತಲೆ ತಿನ್ನುತ್ತಿತ್ತು. ಅವಳಿಗೆ ಬೆರಳಿನಲ್ಲಿ ನಡುಕ ಮಾತ್ರ.

ವರ್ಷಕ್ಕೊಮ್ಮೆ ನಾಗರಪಂಚಮಿಗೆ ಅವಳ ಗಂಡ ಮಗಳನ್ನು ಕರೆತರುತ್ತಿದ್ದ, ಅಷ್ಟು ಮಾತ್ರ ಉಳಿಯಿತು. ಹುಡುಗಿ ಅವಳನ್ನು, ಚಿಕ್ಕಮ್ಮನನ್ನು ಕರೆದ ಹಾಗೆ, ಸಣ್ಣವ್ವ ಅನ್ನುತ್ತಿದ್ದಳು. ಸಾಲೆಗೆ ಹೋಗುವಷ್ಟು ದೊಡ್ಡವಳಾದ ವರ್ಷ, ಅಂಗಡಿಯಲ್ಲಿ ಕೂತು ಏನೇನೋ ಹೇಳುತ್ತಿದ್ದಳು. ಹೇಳುತ್ತಲೇ ರಸ್ತೆಯ ಕಡೆ ತಿರುಗುತ್ತಿದ್ದಳು. ಎದುರು ಮುಖ ಮಾಡಿ ಮಾತಾಡಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ತಂಗಿ ಅವಳ ಗದ್ದ ಹಿಡಿದು ಮೆಲ್ಲಗೆ ತನ್ನ ಕಡೆ ತಿರುಗಿಸಿದಳು.

"ಬಿಡ ಸಣ್ಣವ್ವಾ, ನೋಯತೈತಿ," ಎಂದು ಹುಡುಗಿ ಕೊಸರಿಕೊಂಡು ಹೊರಗೆ ಓಡಿದಳು.

ಮದುವೆ ಮನೆಯವರ ಕೊಡಗಳು ಕಾಯುತ್ತಿದ್ದವು. ತಂಗಿ ಒಂದನ್ನು ತೊಡೆಯ ಮೇಲೆ ಎಳೆದುಕೊಂಡು ಮಷಿನ್ನು ಹಚ್ಚಿದಳು.