ಭಾವನ ಫೋನಿನಲ್ಲಿ ಅಕ್ಕನ ಸಕ್ಕರೆ

ಹಿರಿಯೂರಿನಲ್ಲಿ ನಮ್ಮ ಭಾವ ಶಿವಕುಮಾರಪ್ಪನವರನ್ನು ಬುದ್ಧಿವಂತ ಅನ್ನುವವರಿದ್ದಾರೆ. ಅನ್ನಲಿ. ಪಂಪ್‌ಸೆಟ್ಟಿನ ಅಂಗಡಿಯಲ್ಲಿ ಕೂತು, ಮೋಟಾರು ಸುಟ್ಟುಕೊಂಡು ಬಂದವರಿಗೆಲ್ಲ ಭಾಷಣ ಬಿಗಿಯುವುದೇ ಅವರ ಬುದ್ಧಿ. ಹೊರಗೆ ಮಳೆ ಸುರಿಯುತ್ತಿದ್ದರೂ ಫೋನು ನೋಡಿ "ಇವತ್ತು ಮಳೆ ಇಲ್ಲ" ಎಂದು ಛತ್ರಿ ಬಿಟ್ಟು ಹೋಗುವ ಮಹಾನುಭಾವರು.

ಅವರ ಹೆಂಡತಿ ಉಚ್ಚಂಗಮ್ಮ ನನ್ನ ಅಕ್ಕ. ಅವಳಿಗೆ ಸಕ್ಕರೆ ಕಾಯಿಲೆ ಬಂದದ್ದೇ ತಡ, ತೋಳಿಗೆ ರೂಪಾಯಿಯಗಲದ ಸೆನ್ಸರ್ ಒಂದನ್ನು ಅಂಟಿಸಿದರು. ಚರ್ಮದ ಕೆಳಗಿನ ಸಕ್ಕರೆ ಅಳೆದು ಅದು ಅಕ್ಕನ ಫೋನಿಗೆ ಕಳಿಸುತ್ತದೆ, ಅಲ್ಲಿಂದ ಭಾವನ ಫೋನಿಗೆ. ಮುಗಿಯಿತು ಅಕ್ಕನ ಕಥೆ. ಒಂದು ಬಾಳೆಹಣ್ಣು ಬಾಯಿಗಿಟ್ಟರೆ ಅಂಗಡಿಯಿಂದ ಕೂಗು: "ಏನೇ ತಿಂದೆ? ಫೋನ್ನಾಗೆ ಬಾಣ ಮ್ಯಾಲಕ್ಕೆ ಹೋಗ್ತೈತೆ!" ಮಧ್ಯಾಹ್ನ ಆ ತೋಳನ್ನು ಒತ್ತಿ ಮಲಗಿದರೆ ಅಂಕಿ ಸುಳ್ಳುಸುಳ್ಳೇ ಇಳಿಯುತ್ತಿತ್ತು. ಆಗ ಭಾವ ಓಡಿಬಂದು ಅವಳನ್ನು ಎಬ್ಬಿಸಿ ಬೆಲ್ಲದ ನೀರು ಕುಡಿಸೋರು.

"ನಂಗೇನೂ ಆಗಿಲ್ಲ ಕಣ್ರೀ."

"ನಿಂಗೇನ್ ಗೊತ್ತಾಗ್ತೈತೆ? ಸುಮ್ನೆ ಕುಡಿ."

ಥೂ! ಹೆಂಡತಿಗಿಂತ ಅವಳ ತೋಳಿನ ಬಿಲ್ಲೆಯೇ ದೊಡ್ಡದಾಯಿತು ಈ ಮನುಷ್ಯನಿಗೆ.

ಕಳೆದ ವರ್ಷ ಅಕ್ಕನಿಗೆ ದಾವಣಗೆರೆಯಲ್ಲಿ ಹೃದಯದ ಬೈಪಾಸ್ ಮಾಡಬೇಕಾಯಿತು. ಅರಿವಳಿಕೆಯ ಡಾಕ್ಟರ್ ಅನುಪಮಾ ಮೊದಲೇ ಬಿಡಿಸಿ ಹೇಳಿದರು: "ಆಪರೇಷನ್ನಲ್ಲಿ ಮೈ ತಣ್ಣಗೆ ಮಾಡ್ತೀವಿ, ರಕ್ತ ಮಿಷನ್ ಮೂಲಕ ಓಡುತ್ತೆ. ಆಗ ಈ ಸೆನ್ಸರ್ ತಪ್ಪು ತೋರಿಸಬಹುದು. ಎಷ್ಟು ತಪ್ಪು ಅಂತ ತಿಳ್ಕೊಳ್ಳೋಕೆ ತೋಳಲ್ಲೇ ಬಿಡ್ತೀವಿ. ಔಷಧಿ ಕೊಡೋದು ಮಾತ್ರ ರಕ್ತ ತೆಗೆದು ನೋಡಿ."

ಭಾವ ನಕ್ಕರು. "ಫಾರಿನ್ ಮಾಲು ಮೇಡಂ ಇದು. ತಪ್ಪೋ ಮಾತೇ ಇಲ್ಲ."

ಸೆನ್ಸರಿನ ಅಂಕಿ ಹಿಡಿಯಲು ಅಕ್ಕನ ಜೊತೆ ಅವಳ ಫೋನೂ ಒಳಗೆ ಹೋಯಿತು. ನಾನು ಹೊರಗೆ ಕೂತು ಮನೆದೇವರಿಗೆ ಹರಕೆ ಹೊರುತ್ತಿದ್ದೆ. ಭಾವ ತಮ್ಮ ಫೋನಿಗೆ ಕಣ್ಣು ನೆಟ್ಟಿದ್ದರು. ಇದ್ದಕ್ಕಿದ್ದಂತೆ ಎದ್ದು ಹೋಗಿ ಆಪರೇಷನ್ ಕೋಣೆಯ ಬಾಗಿಲು ಗುದ್ದತೊಡಗಿದರು.

"ಬಾಗ್ಲು ತೆಗೀರೋ! ನಲವತ್ತೈದಕ್ಕೆ ಬಿದ್ದೈತೆ! ಗ್ಲೂಕೋಸ್ ಹಾಕ್ರೋ, ಸಾಯ್ತಾಳೆ!"

ಅಕ್ಕ ಹೋಗೇಬಿಟ್ಟಳು ಅಂದುಕೊಂಡೆ. ಒಳಗಿಂದ ಬಂದ ನರ್ಸ್ ಅನುಷಾ ಸಿಡುಕಿದಳು: "ಈಗಷ್ಟೇ ರಕ್ತ ನೋಡೀವ್ರಿ, ನೂರ ಎಪ್ಪತ್ತೈತೆ. ನೀವು ಹೇಳ್ದಂಗೆ ಗ್ಲೂಕೋಸ್ ಹಾಕಿದ್ರೆ ಸಕ್ಕರೆ ಎಲ್ಲಿಗೆ ಏರ್ತೈತೆ ಗೊತ್ತಾ? ಒಳಗೆ ಎದೆ ತೆರ್ದು ಕೆಲ್ಸ ಮಾಡ್ತಾವ್ರೆ. ಬಾಯ್ ಮುಚ್ಕಂಡು ಕುಂತ್ಕಳ್ರಿ!"

ಆಗಲಾದರೂ ನಾಚಿಕೆಯಾಗಬೇಕಲ್ಲ? ಊಹೂಂ. "ಹಂಗಾದ್ರೆ ನಿಮ್ ರಕ್ತದ ಮಿಷನ್ನೇ ಕೆಟ್ಟೈತೆ" ಅಂದರು. ಈ ಮನುಷ್ಯನ ಮಾತು ಕೇಳಿದ್ದರೆ ಅಕ್ಕನ ಗತಿ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಕ್ಕ ಉಳಿದಳು. ಗಂಟಲಿನ ಕೊಳವೆ ತೆಗೆದ ಮೇಲೆ ನಮ್ಮಿಬ್ಬರನ್ನೂ ಒಳಗೆ ಬಿಟ್ಟರು. ಮಂಚದ ಮೇಲೆ ಅವಳು ನೋವಿಗೆ ಹಲ್ಲು ಕಚ್ಚಿ ಮಲಗಿದ್ದಳು, ಕೆನ್ನೆ ಮೇಲೆ ನೀರಿಳಿಯುತ್ತಿತ್ತು. ಭಾವ ಅವಳ ಮುಖ ನೋಡಲಿಲ್ಲ, ಫೋನು ನೋಡಿದರು.

"ನೂರ ಮೂವತ್ತು. ಚೆನ್ನಾಗಿದಾಳೆ."

"ಎದೆ ಹಿಂಡ್ದಂಗಾಗ್ತೈತ್ರೀ..."

"ನೂರ ಮೂವತ್ತೈತೆ ಅಂತೀನಲ್ಲೇ, ಏನಾಗಲ್ಲ."

ಅಕ್ಕ ನನ್ನ ಕಡೆ ತಿರುಗಿ ತೋಳಿನ ಬಿಲ್ಲೆ ತೋರಿಸಿದಳು. "ಜಯಶೀಲಾ, ಇದನ್ನ ಕಿತ್ತಾಕೇ."

ಪಕ್ಕದಲ್ಲಿದ್ದ ಡಾಕ್ಟರ್ ಅನುಪಮಾ ಅವರ ಮುಖ ನೋಡಿದೆ. "ನಮಗಿನ್ನು ಬೇಡಮ್ಮ, ತೆಗೀರಿ" ಅಂದರು. ಕಿತ್ತೆ.

ಭಾವನ ಫೋನು ಕಿರುಚಿಕೊಂಡಿತು. ಅದನ್ನು ಒತ್ತಿದರು, ಅಲ್ಲಾಡಿಸಿದರು, ಕಿಟಕಿಯತ್ತ ಹಿಡಿದರು. ಅಂಕಿ ಬರಲಿಲ್ಲ. ಕೊನೆಗೆ ಗತಿಯಿಲ್ಲದೆ ಹೆಂಡತಿಯತ್ತ ಬಗ್ಗಿ ಕೇಳಿದರು: "ಉಚ್ಚಂಗಿ... ಹೆಂಗೈತೆ ಈಗ?"

ಅಕ್ಕ ಅವರನ್ನು ದಿಟ್ಟಿಸಿ ನೋಡಿದಳು.

"ನಾ ಹೇಳಲ್ಲ, ಹೋಗ್ರಿ."