ಸೋತವರ ಒಗೆತ

ಕುವೈತಿನ ಖೈತಾನ್ ಬಡಾವಣೆಯ ಒಂದು ಒಳರಸ್ತೆಯಲ್ಲಿ, ಮೊಬೈಲ್ ರಿಪೇರಿ ಅಂಗಡಿಗೂ ಬೇಕರಿಗೂ ನಡುವೆ ಇರುವ ಲಾಂಡ್ರಿಯಲ್ಲಿ ಹಾರಿಸ್ ಹದಿನಾಲ್ಕು ವರ್ಷ ಬಟ್ಟೆ ಒಗೆದ, ಇಸ್ತ್ರಿ ಹಾಕಿದ. ಅದಕ್ಕೂ ಮೊದಲಿನ ಐದು ವರ್ಷ ಹವಲ್ಲಿಯ ಇನ್ನೊಂದು ಲಾಂಡ್ರಿಯಲ್ಲಿ ಇದೇ ಕೆಲಸ ಮಾಡಿದ್ದ. ಉಗಿಯ ಇಸ್ತ್ರಿಪೆಟ್ಟಿಗೆ ಹಿಡಿದು ಹಿಡಿದು ಅವನ ಬಲಗೈ ಬೆರಳುಗಳ ತುದಿಯಲ್ಲಿ ಸ್ಪರ್ಶವೆಂಬುದೇ ಉಳಿದಿರಲಿಲ್ಲ. ಅಂಗಡಿಗೆ ಬರುವವರಿಗೆ ಅವನು ಬರಿಯ ‘ಭಾಯಿ’. ಅವನು ಮಂಗಳೂರಿನ ಒಂದು ಕಾಲೇಜಿನ ಫುಟ್‌ಬಾಲ್ ತಂಡದ ನಾಯಕನಾಗಿದ್ದನೆಂಬುದು ಈ ದೇಶದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಅವನದೇ ತಂಡದವನು, ಇನ್ನೊಬ್ಬ ಎದುರಾಳಿ. ಅದನ್ನು ನೆನಪಿಟ್ಟುಕೊಂಡವನು ಎದುರಾಳಿ.

ಆ ಎರಡು ಕಾಲೇಜುಗಳ ನಿಜವಾದ ಹೆಸರನ್ನು ಊರಿನಲ್ಲಿ ಯಾರೂ ಬಳಸುತ್ತಿರಲಿಲ್ಲ. ಬಂದರಿನ ಬಳಿಯದು ದಕ್ಕೆ ಕಾಲೇಜು, ನೀಲಿ ಜೆರ್ಸಿ. ಗುಡ್ಡದ ಮೇಲಿನದು ಗುಡ್ಡೆ ಕಾಲೇಜು, ಕೆಂಪು ಜೆರ್ಸಿ. ಪ್ರತಿ ಜನವರಿಯ ನಾಲ್ಕನೆಯ ಶನಿವಾರ ಇವೆರಡರ ನಡುವೆ ಪಂದ್ಯ. ಸೋಮವಾರ ಸೋತವರ ಒಗೆತ. ಸೋತ ತಂಡದ ಹನ್ನೊಂದು ಮಂದಿ ಮೈದಾನದ ಹಿಂದಿನ ನಲ್ಲಿಕಟ್ಟೆಯಲ್ಲಿ ಕುಳಿತು, ಗೆದ್ದವರ ಹನ್ನೊಂದು ಜೆರ್ಸಿಗಳನ್ನು ಬಾರ್ ಸೋಪಿನಿಂದ ತಿಕ್ಕಿ, ಕಲ್ಲಿನ ಮೇಲೆ ಒಗೆದು, ಒಣಗಿಸಿ, ಮಡಚಿ ಕೊಡಬೇಕು. ಗೆದ್ದ ತಂಡದ ನಾಯಕ “ಒಗೆದವರು ಯಾರು?” ಎಂದು ಕೇಳಬೇಕು. ಸೋತ ನಾಯಕ “ಸೋತ ನಾವು, ನಮ್ಮ ಕೈಯಿಂದ” ಎಂದು ಹೇಳಬೇಕು. ಇದಕ್ಕಿದ್ದ ನಿಯಮ ಒಂದೇ: ಮೈದಾನಕ್ಕಿಳಿದು ಆಡದವನು ಒಗೆಯುವಂತಿಲ್ಲ. ಪ್ರಿನ್ಸಿಪಾಲರ ಮಗ ಒಗೆದದ್ದುಂಟು, ಹಡಗಿನ ಮಾಲೀಕರ ಮಗ ಒಗೆದದ್ದುಂಟು. ಆಳನ್ನು ಕಳಿಸಿದ ಒಂದು ನಿದರ್ಶನವೂ ಇಲ್ಲ. ಅದು ಅವಮಾನವೆಂದು ಹೊರಗಿನವರು ತಿಳಿದಿದ್ದರು. ಸಮಾನರ ನಡುವೆ ಮಾತ್ರ ನಡೆಯಬಹುದಾದ ಸಂಗತಿ ಅದೆಂದು ಒಗೆದವರಿಗೆ ತಿಳಿದಿತ್ತು.

1999ರ ಜನವರಿ 23ರಂದು ದಕ್ಕೆಯವರು ಒಂದು ಗೋಲಿನಿಂದ ಸೋತರು. ಪಂದ್ಯ ಮುಗಿಯಲು ಹನ್ನೆರಡು ನಿಮಿಷಗಳಿದ್ದಾಗ ಗೋಲ್‌ಕೀಪರ್ ಅಲೋಶಿಯಸನ ಕೈಗೆ ಬಂದ ಚೆಂಡು ಜಾರಿ ಒಳಗೆ ಹೋಯಿತು. ಸೋಮವಾರ ನಲ್ಲಿಕಟ್ಟೆಗೆ ಹತ್ತೇ ಮಂದಿ ಬಂದರು, ಅಲೋಶಿಯಸನಿಗೆ ಜ್ವರವಂತೆ. ನಾಯಕ ಹಾರಿಸ್ ಯಾರಿಗೂ ಏನೂ ಹೇಳದೆ ಎರಡು ಜೆರ್ಸಿಗಳನ್ನು ಒಗೆದ. ಗುಡ್ಡೆಯ ನಾಯಕ ಸ್ಯಾಮುವೆಲ್ ಕಟ್ಟೆಯ ಮೇಲೆ ನಿಂತು ಅದನ್ನು ನೋಡಿದ್ದ.

ಆ ವರ್ಷ ತಂದೆ ತೀರಿಕೊಂಡದ್ದರಿಂದ ಹಾರಿಸನಿಗೆ ಬಿಕಾಂನ ಎರಡು ವಿಷಯಗಳು ಹಾಗೆಯೇ ಉಳಿದುಹೋದವು. 2006ರಲ್ಲಿ ಅವನು ಕುವೈತಿಗೆ ಬಂದ. ಅಲೋಶಿಯಸ್ ಅಷ್ಟರಲ್ಲಾಗಲೇ ಇಲ್ಲಿನ ಒಂದು ಕಂಪೆನಿಯಲ್ಲಿ ಆಡಳಿತ ವ್ಯವಸ್ಥಾಪಕನಾಗಿದ್ದ. ಸಬ್ಹಾನಿನಲ್ಲಿರುವ ಅದರ ಗೋದಾಮಿನ ನೂರ ನಲವತ್ತು ಕೆಲಸಗಾರರ ಸಮವಸ್ತ್ರಗಳು ವಾರಕ್ಕೊಮ್ಮೆ ಖೈತಾನಿನ ಈ ಲಾಂಡ್ರಿಗೇ ಬರುತ್ತಿದ್ದವು.

2013ರಲ್ಲಿ ಎರಡೂ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳು ಕುವೈತಿನಲ್ಲಿ ಪಂದ್ಯವನ್ನು ಆರಂಭಿಸಿದರು. ಮೊದಲ ವರ್ಷ ದಕ್ಕೆಯವರು ಸೋತಾಗ ಕೆಂಪು ಜೆರ್ಸಿಗಳ ಗಂಟನ್ನು ಅಲೋಶಿಯಸನೇ ಹೊತ್ತು ತಂದ. ಇದನ್ನು ಮಾಡಲು ನಿನ್ನಷ್ಟು ಹಕ್ಕು ಇನ್ಯಾರಿಗಿದೆ ಎಂದು ಹೇಳಿ ಬೆನ್ನು ತಟ್ಟಿದ. ಹಾರಿಸ್ ಅದನ್ನು ನಂಬಿದ. ಮೆಷಿನ್ನಿಗೆ ಹಾಕದೆ, ಅಂಗಡಿಯ ಹಿಂಭಾಗದಲ್ಲಿ ಬಕೆಟ್ ಇಟ್ಟುಕೊಂಡು ಕೈಯಿಂದಲೇ ಒಗೆದ. ಊರಿನ ಜೆರ್ಸಿಯಿಂದ ಕೆಂಪು ಮಣ್ಣು ಬಿಡುತ್ತಿತ್ತು; ಇಲ್ಲಿಯದರಿಂದ ಕೃತಕ ಹುಲ್ಲಿನ ಕರಿಯ ರಬ್ಬರ್ ಚೂರುಗಳು ಉದುರಿದವು. ಆ ವ್ಯತ್ಯಾಸವನ್ನು ಅವನು ಹೆಂಡತಿ ಶಮೀಲಾಳಿಗೆ ಫೋನಿನಲ್ಲಿ ಸಂಭ್ರಮದಿಂದ ವಿವರಿಸಿದ್ದ. ಕೊರೊನಾದ ಒಂದು ವರ್ಷ ಬಿಟ್ಟು ನಡೆದ ಹನ್ನೊಂದು ಪಂದ್ಯಗಳಲ್ಲಿ ದಕ್ಕೆಯವರು ಏಳನ್ನು ಸೋತರು. ಏಳು ಸಲವೂ ಅವನು ಒಗೆದ. ಆಡಲು ಮಾತ್ರ ಒಮ್ಮೆಯೂ ಕರೆ ಬರಲಿಲ್ಲ. ಬಂದದ್ದೆಂದರೆ, ಎರಡನೆಯ ವರ್ಷದಿಂದ, ಗಂಟು ಹೊತ್ತ ಅಲೋಶಿಯಸನ ಡ್ರೈವರ್. ಆ ಡ್ರೈವರನ ಎದುರಿಗೆ ಹಾರಿಸ್ ತನ್ನ ಗೋಲ್‌ಕೀಪರನನ್ನು ‘ಸರ್’ ಎನ್ನತೊಡಗಿದ. ಆಮೇಲೆ ಅದೇ ರೂಢಿಯಾಯಿತು.

2025ರ ಜನವರಿಯಲ್ಲಿ ಲಾಂಡ್ರಿಯ ಮಾಲೀಕ, ಇಕಾಮಾ, ಅಂದರೆ ವಾಸದ ಪರವಾನಗಿ, ಮೇ ತಿಂಗಳಿಗೆ ಮುಗಿಯುತ್ತದೆ, ಮತ್ತೆ ಮಾಡಿಸುವುದಿಲ್ಲ ಎಂದು ತಿಳಿಸಿದ. ಹಾಗಾದರೆ ಫೆಬ್ರವರಿ 7ರ ಪಂದ್ಯವೇ ಹಾರಿಸನ ಪಾಲಿಗೆ ಕೊನೆಯದು. ನಲವತ್ತಾರು ವರ್ಷದ ಆ ಮನುಷ್ಯನಿಗೆ ಒಂದು ಆಸೆ ಹುಟ್ಟಿತು: ನೀಲಿ ಜೆರ್ಸಿ ತೊಟ್ಟು ಅರ್ಧ ಪಂದ್ಯ ಆಡಬೇಕು. ಸಮವಸ್ತ್ರಗಳನ್ನು ತಲುಪಿಸುವ ನೆಪದಲ್ಲಿ ಅವನು ತಾನೇ ಸಬ್ಹಾನಿಗೆ, ಅಲೋಶಿಯಸನ ಬಳಿಗೆ ಹೋದ.

“ಸರ್, ಈ ಸಲ ನನಗೊಂದು ಹಾಫ್ ಆಡ್ಲಿಕ್ಕೆ ಕೊಡಿ. ಮೇಯಲ್ಲಿ ನಾನು ಖಲಾಸ್, ಊರಿಗೆ.”

“ಆಡುದಾ? ನಿನಗೆ ಪ್ರಾಯ ಎಷ್ಟಾಯ್ತು ಮಾರಾಯ?”

“ನಿಮ್ಮಷ್ಟೇ.”

ಅಲೋಶಿಯಸ್ ನಕ್ಕ. “ಲಿಸ್ಟ್ ಹೋಗಿ ಆಯ್ತು. ಸ್ಪಾನ್ಸರ್ ಕಡೆಯ ಇಬ್ಬರನ್ನು ಬೇರೆ ಹಾಕ್ಬೇಕಾಯ್ತು. ನೀನು ಬಾ, ಊಟದ ಕೂಪನ್ ತೆಗೆದಿಡ್ತೇನೆ. ಗಂಟು ಹೇಗೂ ನಿನ್ನತ್ರವೇ ಬರ್ತದಲ್ಲ.”

ಸ್ಪಾನ್ಸರ್ ಕಡೆಯ ಆ ಇಬ್ಬರು ದಕ್ಕೆ ಕಾಲೇಜನ್ನಿರಲಿ, ಮಂಗಳೂರನ್ನೇ ನೋಡಿದವರಲ್ಲ. ದಕ್ಕೆಯ ಹೆಸರಿನಲ್ಲಿ ಆಡಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ.

ಆದರೂ ಶುಕ್ರವಾರ ಬೆಳಿಗ್ಗೆ ಹಾರಿಸ್ ಮೈದಾನಕ್ಕೆ ಹೋದ. ಬೇಕರಿಯವನಿಂದ ಎರವಲು ತಂದ ಬೂಟುಗಳು ಪ್ಲಾಸ್ಟಿಕ್ ಚೀಲದಲ್ಲಿದ್ದವು. ಕೊನೆಗಳಿಗೆಯಲ್ಲಿ ಯಾರಾದರೂ ಬಾರದೆ ಹೋದರೆ ತನಗೆ ಕರೆ ಬಂದೀತೆಂದು ಅವನು ದಕ್ಕೆಯ ಗೋಲಿನ ಹಿಂದೆ ನಿಂತ. ನೀಲಿಯವರು ಹನ್ನೊಂದು ಮಂದಿಯೂ ಬಂದಿದ್ದರು. ಬಾರದೆ ಉಳಿದವನು ಕೆಂಪಿನವರಲ್ಲಿ ಒಬ್ಬ.

ಕೆಂಪಿನವರ ನಾಯಕ ಸ್ಯಾಮುವೆಲ್. ಮಸ್ಕತ್‌ನಲ್ಲಿ ಬಹುಕಾಲ ನರ್ಸ್ ಆಗಿದ್ದು, ಕುವೈತಿನ ಆಸ್ಪತ್ರೆಯೊಂದಕ್ಕೆ ಬಂದು ವರ್ಷವೂ ಆಗಿರಲಿಲ್ಲ. ಅವನು ಬೇಲಿಯ ಬಳಿಗೆ ಬಂದು ಹಾರಿಸನನ್ನು ದಿಟ್ಟಿಸಿದ.

“ನೀನು ಹಾರಿಸ್ ಅಲ್ವಾ? ಎರಡು ಒಗೆದವನು.”

ಇಪ್ಪತ್ತಾರು ವರ್ಷಗಳಲ್ಲಿ ಆ ಮಾತನ್ನು ಆಡಿದವನು ಅವನೊಬ್ಬನೇ. ನೀಲಿ ಏಕೆ ಹಾಕಿಲ್ಲವೆಂದು ಸ್ಯಾಮುವೆಲ್ ಕೇಳಿದ. ಲಿಸ್ಟಿನಲ್ಲಿ ಹೆಸರಿಲ್ಲವೆಂದು ಹಾರಿಸ್ ಹೇಳಿದ. ಸ್ಯಾಮುವೆಲ್ ಚೀಲದೊಳಗಿನ ಬೂಟುಗಳನ್ನು ನೋಡಿದ.

“ನಮ್ಮವ ಒಬ್ಬ ಡ್ಯೂಟಿಯಿಂದ ಬರ್ಲಿಲ್ಲ. ಕೆಂಪು ಹಾಕ್ತೀಯಾ?”

“ಕೆಂಪು ಹಾಕಿದ್ರೆ ಊರಿಗೆ ಹೋಗಿ ಹೆಂಡತಿಗೆ ಎಂತ ಹೇಳುದು? ಅವಳ ಅಣ್ಣನೂ ದಕ್ಕೆಯವನೇ.”

ಇಬ್ಬರೂ ನಕ್ಕರು. ಬೂಟುಗಳು ಚೀಲದಲ್ಲಿಯೇ ಉಳಿದವು. ಹತ್ತೇ ಮಂದಿಯಿಂದ ಆಡಿದ ಗುಡ್ಡೆಯವರು ಎರಡು-ಒಂದರಿಂದ ಗೆದ್ದರು.

ಶನಿವಾರ ಡ್ರೈವರ್ ಗಂಟು ತಂದ: ಹತ್ತು ಕೆಂಪು ಜೆರ್ಸಿಗಳು. ಹಾರಿಸ್ ಬಕೆಟ್ ತುಂಬಿಸಿದ, ಗಂಟು ಬಿಚ್ಚಿದ. ಆಮೇಲೆ ಅದನ್ನು ಮತ್ತೆ ಕಟ್ಟಿ, ಅಲೋಶಿಯಸನಿಗೆ ಫೋನ್ ಮಾಡಿದ.

“ಆಡದವ ಒಗೀಬಾರ್ದು ಅಂತ ಉಂಟಲ್ಲ ಸರ್.”

“ಅದು ಊರಿನ ಕತೆ ಮಾರಾಯ. ಇಲ್ಲಿ ಲಾಂಡ್ರಿ ಇರುದು ಎಂತಕ್ಕೆ?”

“ಹಾಗಾದ್ರೆ ಏಳು ಸಲ ನಾನು ಒಗೆದದ್ದು ಲಾಂಡ್ರಿಯವನಾಗಿಯಾ?”

“ಮತ್ತೆ ಎಂತದಾಗಿ?”

ಆ ಪ್ರಶ್ನೆಯಲ್ಲಿ ಕೋಪವಿರಲಿಲ್ಲ. ಅಲೋಶಿಯಸನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಹಾರಿಸ್ ಫೋನ್ ಇಟ್ಟು, ಡ್ರೈವರನನ್ನು ಮತ್ತೆ ಕರೆಸಿ, ಗಂಟನ್ನು ಅವನ ಕೈಗೆ ಹಾಕಿದ. ಅದು ಬೇರೊಂದು ಲಾಂಡ್ರಿಗೆ ಹೋಗಿ ಮರುದಿನವೇ ಶುಭ್ರವಾಗಿ ಬಂತು. ಹಾರಿಸನ ನಿರಾಕರಣೆಯಿಂದ ಯಾರಿಗೂ ಒಂದು ದಿನದ ತೊಂದರೆಯೂ ಆಗಲಿಲ್ಲ.

ಫೆಬ್ರವರಿ 21ರ ಶುಕ್ರವಾರ ಮಧ್ಯಾಹ್ನ ಎರಡೂ ಕಾಲೇಜುಗಳವರ ಕುಟುಂಬ ಸಮ್ಮಿಲನ ನಡೆಯಿತು. ಹಾರಿಸ್ ಹೋಗಲಿಲ್ಲ. ವೇದಿಕೆಯಲ್ಲಿ ದಕ್ಕೆಯ ನಾಯಕನಾಗಿ ಅಲೋಶಿಯಸ್ ಗಂಟನ್ನು ಮುಂದೆ ಚಾಚಿದ. ಸ್ಯಾಮುವೆಲ್ ಪದ್ಧತಿಯಂತೆ ಕೇಳಿದ. ಅಲೋಶಿಯಸ್ ನಮ್ಮ ಕೈಯಿಂದ ಎಂದು ಉತ್ತರಿಸಿದ, ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ ಎಂದೂ ಸೇರಿಸಿದ. ಸಭೆ ನಕ್ಕಿತು. ಮೇಲಿನ ಜೆರ್ಸಿಯ ಕಾಲರಿಗೆ ಲಾಂಡ್ರಿಯ ಕಾಗದದ ಚೀಟಿ ಇನ್ನೂ ಅಂಟಿಕೊಂಡಿತ್ತು. ಸ್ಯಾಮುವೆಲ್ ಅದನ್ನು ಕಿತ್ತು ಅಂಗೈಯಲ್ಲಿ ಹಿಡಿದು ಎರಡನೆಯ ಸಲ ಕೇಳಿದ.

“ಒಗೆದವರು ಯಾರು?”

ಅಲೋಶಿಯಸ್ ಈ ಸಲ ಬರಿದೇ ನಕ್ಕ. ಸ್ಯಾಮುವೆಲ್ ಗಂಟನ್ನು ಮೇಜಿನ ಮೇಲಿಟ್ಟ.

“ಇದು ನನಗೆ ಬೇಡ. ನಿಮ್ಮಲ್ಲಿ ಒಗೆದವನನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವನಿಗೆ ಇಲ್ಲಿ ಒಂದು ಕುರ್ಚಿಯೂ ಇಲ್ಲ.”

ಹಾರಿಸ್ ದೂರು ಹೇಳಿ ಹೇಳಿಸಿದ ಮಾತು ಇದೆಂದು ಅಲೋಶಿಯಸ್ ತೀರ್ಮಾನಿಸಿದ. ಅದು ಸುಳ್ಳು, ಮೈದಾನದ ಆ ಬೆಳಿಗ್ಗೆಯ ನಂತರ ಇಬ್ಬರೂ ಮಾತಾಡಿರಲೇ ಇಲ್ಲ. ಮುಂದಿನ ವಾರದಿಂದ ಸಬ್ಹಾನಿನ ಸಮವಸ್ತ್ರಗಳು ಬರುವುದು ನಿಂತಿತು. ಕಾರಣವನ್ನು ವಿಚಾರಿಸಿ ತಿಳಿದುಕೊಂಡ ಮಾಲೀಕ, ಮೇ ತಿಂಗಳವರೆಗೆ ಕಾಯುವ ಅಗತ್ಯವಿಲ್ಲ ಎಂದ. ಹತ್ತೊಂಬತ್ತು ವರ್ಷಗಳ ವಾಸ ಎಂಟೇ ದಿನಗಳಲ್ಲಿ ಮುಗಿಯಿತು.

ರಂಜಾನಿನ ಮೊದಲ ವಾರ, ಪ್ರಯಾಣದ ಹಿಂದಿನ ದಿನ, ಸ್ಯಾಮುವೆಲ್ ಲಾಂಡ್ರಿಯನ್ನು ಹುಡುಕಿಕೊಂಡು ಬಂದ. ಉಪವಾಸದಲ್ಲಿದ್ದ ಹಾರಿಸ್ ಹೊಸ ಕೆಲಸದವನಿಗೆ ಉಗಿಯ ಹದವನ್ನು ತೋರಿಸಿಕೊಡುತ್ತಿದ್ದ. ಸ್ಯಾಮುವೆಲ್ ಬಾಗಿಲಲ್ಲಿಯೇ ನಿಂತ.

“ನನ್ನಿಂದ ನಿನಗೆ ಹೀಗಾಯ್ತು. ನಾನು ಬಾಯಿ ಮುಚ್ಚಿಕೊಂಡು ಇರ್ಬೇಕಿತ್ತು.”

“ಗೆದ್ದವ ಕೇಳ್ಲೇಬೇಕಲ್ಲ. ನೀನು ಸರಿಯಾಗೇ ಕೇಳಿದ್ದಿ.”

ಗಂಟು ಎಲ್ಲಿದೆಯೆಂದು ಹಾರಿಸ್ ವಿಚಾರಿಸಿದ. ಯಾರೂ ಮುಟ್ಟಿಲ್ಲ, ಅಲೋಶಿಯಸನ ಕಾರಿನ ಡಿಕ್ಕಿಯಲ್ಲಿ ಬಿದ್ದಿದೆಯಂತೆ ಎಂದು ಸ್ಯಾಮುವೆಲ್ ಹೇಳಿದ. ತಾನೇ ತಂದುಕೊಡಲೇ, ಹಾರಿಸ್ ಕೈಯಿಂದ ಒಗೆದುಕೊಟ್ಟರೆ ಗುಡ್ಡೆಯವರು ತೆಗೆದುಕೊಳ್ಳುತ್ತಾರೆ ಎಂದೂ ಕೇಳಿದ. ಹಾರಿಸ್ ಇಸ್ತ್ರಿಪೆಟ್ಟಿಗೆಯನ್ನು ಅದರ ಹಲಗೆಯ ಮೇಲೆ ಇಟ್ಟು, ಸ್ಪರ್ಶವಿಲ್ಲದ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ.

“ಬೇಡ. ಆಡಿದ್ರೆ ಒಗೀತಿದ್ದೆ.”