ಹುಡುಗಿಯ ಕೆನ್ನೆ ಮೇಲೆ ಕೂತ ಧೂಳು

ಆ ಕಲೆ ನನಗೆ ಮೂರು ತಿಂಗಳಿಂದ ಗೊತ್ತಿತ್ತು. ಹಿರಿಯೂರಿನ ಹತ್ತಿರ ಗಾಳಿಯಂತ್ರಗಳ ಗುಡ್ಡದ ಮೇಲೆ ಒಂದು ಜೋಡಿಯ ಫೋಟೋ ತೆಗೆಯಲು ಹೋದವನು, ಬೀಸುವ ಗಾಳಿಯಲ್ಲೇ ನಿಂತು ಲೆನ್ಸ್ ಬದಲಾಯಿಸಿದ್ದೆ. ಕ್ಯಾಮೆರಾದ ಒಳಗೆ, ಚಿತ್ರ ಮೂಡುವ ಸೆನ್ಸರ್ ಮೇಲೆ ಧೂಳು ಕೂತಿತು. ಅವತ್ತಿನಿಂದ ತೆಗೆದ ಪ್ರತಿ ಫೋಟೋದಲ್ಲೂ ಎಡಕ್ಕೆ, ನಡುವಿಗಿಂತ ಸ್ವಲ್ಪ ಮೇಲೆ, ಹೊಗೆ ಹಿಡಿದಂಥ ಒಂದು ಬೂದು ಚುಕ್ಕೆ. ಮದುವೆಮನೆಯ ಗದ್ದಲದ ಫೋಟೋಗಳಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸ್ಟುಡಿಯೋದಲ್ಲಿ ದೊಡ್ಡ ಫ್ಲ್ಯಾಶ್ ಹಾಕಿ ಲೆನ್ಸಿನ ಕಿಂಡಿ ಕಿರಿದು ಮಾಡಿದರೆ ಎದ್ದು ಕಾಣುತ್ತಿತ್ತು. ಲೆನ್ಸ್ ಕಳಚಿ ಬಾಯಿಂದ ಊದಿ ಸುಮ್ಮನಾಗುತ್ತಿದ್ದೆ. ಕಂಪ್ಯೂಟರಿನಲ್ಲಿ ಅದನ್ನು ಅಳಿಸಲು ಅರ್ಧ ನಿಮಿಷ ಸಾಕಾಗುತ್ತಿತ್ತು. ಅದೇ ನನ್ನ ಸೋಮಾರಿತನಕ್ಕೆ ದಾರಿಯಾಯಿತು.

ಹೊಳಲ್ಕೆರೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ತಾಳ್ಯದಿಂದ ಒಬ್ಬ ಹುಡುಗಿ ಅಣ್ಣನ ಜೊತೆ ಬಂದಳು. ಹರಿಯಬ್ಬೆಯ ಕಡೆಯ ಗಂಡಿನ ಮನೆಯವರಿಗೆ ಕಳಿಸಲು ಫೋಟೋ ಬೇಕಿತ್ತು. ಅಣ್ಣ ನನ್ನ ಬೆನ್ನ ಹಿಂದೆ ನಿಂತು ಅವಳಿಗೆ ಗಲ್ಲ ಇಳಿಸಲು ಹೇಳುತ್ತಿದ್ದ, ಕೈ ಸರಿಯಾಗಿ ಇಡು ಅನ್ನುತ್ತಿದ್ದ, ನಗಬೇಡ ಅನ್ನುತ್ತಿದ್ದ. ಎರಡು ಸೀರೆಯಲ್ಲಿ ತೆಗೆದೆ. ಸ್ಟೂಲ್ ಅದೇ, ಟ್ರೈಪಾಡ್ ಅದೇ, ಅವಳು ಕೂತ ಭಂಗಿಯೂ ಅದೇ. ಚುಕ್ಕೆ ಎರಡರಲ್ಲೂ ಅವಳ ಬಲಗೆನ್ನೆಯ ಮೇಲೆ ಬಂದು ಕೂತಿತು. ಪ್ರಿಂಟ್ ಹಾಕುವಾಗ ಅಳಿಸಿಯೇ ಹಾಕಿದೆ. ಸಂಜೆ ಅಣ್ಣ ಫೋನ್ ಮಾಡಿ ಮೊಬೈಲಿಗೂ ಕಳಿಸ್ರಿ ಅಂದ. ನಾನು ಊಟದ ಎಲೆಯ ಮುಂದೆ ಕೂತಿದ್ದೆ. ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಮೊಬೈಲಿಗೆ ಹಾಕಿಕೊಂಡಿದ್ದ ಫೋಟೋಗಳನ್ನು ತಿದ್ದದೆ ಹಾಗೇ ಕಳಿಸಿಬಿಟ್ಟೆ.

ಹರಿಯಬ್ಬೆಯವರು ಪ್ರಿಂಟನ್ನೂ ಮೊಬೈಲಿನ ಫೋಟೋಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರಂತೆ. ಮೊಬೈಲಿನಲ್ಲಿ ಎರಡು ಸೀರೆಯಲ್ಲೂ ಕೆನ್ನೆಯ ಮೇಲೆ ಒಂದೇ ಜಾಗದಲ್ಲಿ ಕಲೆ. ಪ್ರಿಂಟಿನಲ್ಲಿ ಕಲೆಯೇ ಇಲ್ಲ. ಹುಡುಗಿಗೆ ಬಂಗು ಇದೆ, ಮುಚ್ಚಿಟ್ಟು ಕೊಡಲು ನೋಡಿದ್ದಾರೆ ಎಂದು ಹೇಳಿಕಳಿಸಿದರು. ಆ ಮಾತು ಎರಡು ತಾಲ್ಲೂಕಿನ ನೆಂಟರಲ್ಲೆಲ್ಲ ಹರಡಿತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಎಂಟನೇ ದಿನ ಬೆಳಿಗ್ಗೆ ಅಣ್ಣ ಬಂದ. ಜೊತೆಗೆ ಅವನ ಸೋದರಮಾವ. ಬರ್ರಿ, ಕುಂತ್ಕಳ್ರಿ ಅಂದೆ. ಮಾವ ಬಾಗಿಲಲ್ಲೇ ನಿಂತು ರೋಲಿಂಗ್ ಶಟರನ್ನು ಅರ್ಧಕ್ಕೆ ಎಳೆದ. ಅಣ್ಣ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು ಕೇಳಿದ.

"ನನ್ನ ತಂಗಿ ಮಕ ಹಿಂಗೈತೇನಲೇ?"

ಇಲ್ಲ, ಅದು ಕ್ಯಾಮೆರಾದ ಧೂಳು ಎಂದು ಹೇಳುವಷ್ಟರಲ್ಲಿ ಮೊದಲ ಏಟು ಬಿತ್ತು. ಕಿವಿಯ ಮೇಲೆ ಬಿದ್ದ ಏಟಿಗೆ ಅಂಗಡಿಯ ಸದ್ದೆಲ್ಲ ಒಮ್ಮೆಗೇ ನಿಂತುಹೋಯಿತು. ನನ್ನ ಕತ್ತು ಹಿಡಿದು ಮುಖವನ್ನು ಗಾಜಿನ ಕೌಂಟರಿಗೆ ಒತ್ತಿದ. ಗಾಜು ಒಡೆದು ಹುಬ್ಬಿನ ಮೇಲೆ ಸೀಳಿತು. ರಕ್ತ ಕಣ್ಣಿಗಿಳಿದು ಏನೂ ಕಾಣಲಿಲ್ಲ. ಲೈಟ್ ಸ್ಟ್ಯಾಂಡ್ ಎತ್ತಿಕೊಂಡು ಬೆನ್ನಿಗೆ ಬಾರಿಸಿದ, ಕೆಳಗೆ ಬಿದ್ದ ಮೇಲೆ ಪಕ್ಕೆಗೆ ಒದ್ದ. ನಾನು ತೆವಳಿಕೊಂಡು ಬಾಗಿಲಿಗೆ ಹೋಗಿ ಹೊಸ್ತಿಲು ಹಿಡಿದೆ. ಮಾವ ಶಟರ್ ಪೂರ್ತಿ ಎಳೆದ. ಅದು ನನ್ನ ಬಲಗೈ ಹೆಬ್ಬೆರಳ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ನನ್ನ ಕಿವುಡಾದ ಕಿವಿಗೂ ಕೇಳಿಸಿತು.

ಪಕ್ಕದ ಬೇಕರಿಯವರು ಬಂದು ಶಟರ್ ಎತ್ತಿ ನನ್ನನ್ನು ಆಸ್ಪತ್ರೆಗೆ ಹೊತ್ತೊಯ್ದರು. ಹುಬ್ಬಿಗೆ ಹೊಲಿಗೆ, ಬೆರಳಿಗೆ ಪಟ್ಟಿ. ಕಂಪ್ಲೇಂಟ್ ಕೊಡು ಎಂದು ಎಲ್ಲರೂ ಹೇಳಿದರು. ನನಗೆ ಬೇಕಿದ್ದದ್ದು ಕಂಪ್ಲೇಂಟ್ ಅಲ್ಲ. ಮಂಚದ ಮೇಲೆ ಮಲಗಿ ಹುಡುಗಿಯ ಅಣ್ಣನ ಹಲ್ಲುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಉದುರಿಸುತ್ತಿದ್ದೆ.

ಎರಡು ದಿನ ಬಿಟ್ಟು ಕ್ಯಾಮೆರಾ ತೆಗೆದುಕೊಂಡು ಚಿತ್ರದುರ್ಗಕ್ಕೆ ಬಸ್ಸು ಹತ್ತಿದೆ. ಅಲ್ಲಿ ಹಳೇ ಪೇಟೆಯಲ್ಲಿ ಒಬ್ಬ ಸಾಹೇಬರಿದ್ದಾರೆ. ಅವರ ತಾತ, ಮುತ್ತಾತನ ಕಾಲದಿಂದ ಗಡಿಯಾರ ರಿಪೇರಿಯ ಮನೆತನ. ಕ್ಯಾಮೆರಾಗಳು ಬಂದ ಮೇಲೆ ಅವನ್ನೂ ಬಿಚ್ಚಲು ಕಲಿತವರು. ನನ್ನ ಮುಖ ನೋಡಿ ಚಹಾ ತರಿಸಿದರು. ನಾನೇ ಎಲ್ಲ ಹೇಳಿದೆ. ಬಾಯಿಂದ ಊದುತ್ತಿದ್ದೆ ಅಂದಾಗ ಮಾತ್ರ ತಲೆ ಎತ್ತಿದರು. ಊದಿದರೆ ಧೂಳು ಹೋಗುವುದಿಲ್ಲ, ಎಂಜಲು ಸೇರಿ ಅಂಟಿಕೊಳ್ಳುತ್ತದೆ ಎಂದು ಬೈದರು. ಆಮೇಲೆ ತಮ್ಮ ಎರಡೂ ಕೈಯನ್ನು ಮೇಜಿನ ಮೇಲೆ ಚಾಚಿ ತೋರಿಸಿದರು. ಬೆರಳುಗಳು ನಡುಗುತ್ತಿದ್ದವು.

"ಈ ಕೈಯಾಗೆ ಆಗಲ್ಲಪ್ಪ. ನಾನು ಹೇಳ್ತೀನಿ, ನೀನೇ ಮಾಡು."

ನನ್ನ ಬಲಗೈಯಲ್ಲಿ ಪಟ್ಟಿ ಇತ್ತು. ಎಡಗೈಯಲ್ಲೇ ಮಾಡು ಅಂದರು.

ಮೊದಲು ಬಿಳಿ ಹಾಳೆಯ ಫೋಟೋ ತೆಗೆಸಿದರು, ಕಿಂಡಿ ಪೂರ್ತಿ ಕಿರಿದು ಮಾಡಿ. ಹಾಳೆಯ ಎಡಕ್ಕೆ ಅದೇ ಬೂದು ಚುಕ್ಕೆ. ಫೋಟೋದಲ್ಲಿ ಮೇಲೆ ಕಂಡದ್ದು ಸೆನ್ಸರಿನಲ್ಲಿ ಕೆಳಗಿರುತ್ತದೆ, ಎಡ ಬಲ ಬದಲಾಗುವುದಿಲ್ಲ ಎಂದರು. ಬ್ಯಾಟರಿ ಪೂರ್ತಿ ತುಂಬಿದೆಯೇ ಎಂದು ಎರಡು ಸಲ ಕೇಳಿದರು. ನಡುವೆ ಚಾರ್ಜ್ ಮುಗಿದರೆ ಒಳಗಿನ ಕನ್ನಡಿ ರಪ್ಪನೆ ಬಿದ್ದು ಎಲ್ಲ ಹಾಳಾಗುತ್ತದೆ. ಮೆನುವಿನಲ್ಲಿ ಕನ್ನಡಿ ಎತ್ತಿ ನಿಲ್ಲಿಸಿದೆ. ಕ್ಯಾಮೆರಾದ ಬಾಯಿಯನ್ನು ನೆಲಕ್ಕೆ ಹಿಡಿದು ರಬ್ಬರಿನ ಬುರುಡೆ ಒತ್ತಿ ಗಾಳಿ ಹೊಡೆದೆ. ಚುಕ್ಕೆ ಅಲ್ಲಾಡಲಿಲ್ಲ. ಆಗ ಅವರು ಚಮಚದ ಹಿಡಿಯಷ್ಟು ಅಗಲದ, ತುದಿಗೆ ನಯವಾದ ಬಟ್ಟೆ ಸುತ್ತಿದ ಕಡ್ಡಿ ಕೊಟ್ಟು ಅದಕ್ಕೆ ಎರಡೇ ಹನಿ ದ್ರವ ಹಾಕಿಸಿದರು.

ಒಳಗೆ ಸೆನ್ಸರ್ ನೀಲಿ ಹಸಿರಾಗಿ ಹೊಳೆಯುತ್ತಿತ್ತು. ಕಡ್ಡಿ ಇಳಿಸುವಾಗ ಅಣ್ಣನ ಮುಖ ಕಣ್ಣ ಮುಂದೆ ಬಂತು, ಎಡಗೈ ಬಿಗಿಯಾಯಿತು. ಸಾಹೇಬರು ಸ್ಟೀಲಿನ ಸ್ಕೇಲಿನಿಂದ ನನ್ನ ಮೊಣಕೈಗೆ ಚಟ್ಟನೆ ಹೊಡೆದರು.

"ಸಿಟ್ಟು ಹೊರಗಿಟ್ಟು ಬಾ. ಗೀರಿದ್ರೆ ಗೀರಿದ್ದೇ."

ಉಸಿರು ಬಿಟ್ಟೆ. ಎಡದಿಂದ ಬಲಕ್ಕೆ ಒಂದೇ ಸಲ, ನಿಲ್ಲಿಸದೆ. ಕಡ್ಡಿ ಮಗುಚಿ ಬಲದಿಂದ ಎಡಕ್ಕೆ ಇನ್ನೊಂದು ಸಲ. ಮತ್ತೆ ಬಿಳಿ ಹಾಳೆಯ ಫೋಟೋ ತೆಗೆದೆ. ಹಾಳೆ ಹಾಳೆಯಂತೆಯೇ ಇತ್ತು, ಒಂದು ಚುಕ್ಕೆಯೂ ಇಲ್ಲದೆ. ನನಗೆ ಅಳು ಬಂತು. ಐದು ನಿಮಿಷದ ಕೆಲಸ. ಅದನ್ನು ಮೂರು ತಿಂಗಳು ಮುಂದೂಡಿದ್ದೆ.

ಚುಕ್ಕೆ ಇದ್ದ ಮೊದಲಿನ ಹಾಳೆಯ ಫೋಟೋ ಅಳಿಸಬೇಡ, ಕಾರ್ಡಿನಲ್ಲೇ ಇರಲಿ ಎಂದು ಸಾಹೇಬರು ಹೇಳಿ ಕಳಿಸಿದರು.

ಮರುದಿನ ಕ್ಯಾಮೆರಾ, ಲ್ಯಾಪ್‌ಟಾಪ್ ಹಿಡಿದು ತಾಳ್ಯಕ್ಕೆ ಹೋದೆ. ಧೂಳಿನ ಸಾಕ್ಷಿ ತೋರಿಸಲು ಹೋದೆ ಎಂದು ಹೇಳಿಕೊಂಡರೂ, ಬ್ಯಾಗಿನಲ್ಲಿ ಒಂದು ಸ್ಪ್ಯಾನರ್ ಇತ್ತು. ಅಂಗಳದಲ್ಲಿ ಹುಡುಗಿಯ ಅಮ್ಮ ಬಿಂದಿಗೆ ತೊಳೆಯುತ್ತಿದ್ದರು. ಮಾವ ಜಗಲಿಯ ಮೇಲಿದ್ದ. ಹುಡುಗಿ ಬಾಗಿಲಿಗೆ ಬಂದಳು. ಅವಳ ಮೇಲ್ತುಟಿ ಒಡೆದು ಊದಿಕೊಂಡಿತ್ತು, ಒಂದು ಕಣ್ಣಿನ ಸುತ್ತ ಕಪ್ಪುಗಟ್ಟಿತ್ತು. ನನಗೆ ಹೊಡೆಯುವ ಮೊದಲು ಅಣ್ಣ ಮನೆಯಲ್ಲಿ ಅವಳಿಗೆ ಹೊಡೆದಿದ್ದನಂತೆ. ಕೆನ್ನೆಗೆ ಏನು ಹಚ್ಚಿಕೊಂಡಿದ್ದೆ ಹೇಳು ಎಂದು ಕೇಳಿ ಕೇಳಿ ಹೊಡೆದಿದ್ದ.

ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಒಂದು ಕಡೆ ಹುಡುಗಿಯ ಫೋಟೋ, ಇನ್ನೊಂದು ಕಡೆ ಬಿಳಿ ಹಾಳೆ. ಹಾಳೆಯ ಮೇಲೂ ಅದೇ ಜಾಗದಲ್ಲಿ ಅದೇ ಕಲೆ. ಒಂದರ ಮೇಲೆ ಒಂದು ಇಟ್ಟು ತೋರಿಸಿದೆ. ಸ್ವಚ್ಛ ಮಾಡಿದ ಮೇಲಿನ ಹಾಳೆಯನ್ನೂ ತೋರಿಸಿದೆ. ಮಾವ ಬಗ್ಗಿ ನೋಡಿದ, ಹುಡುಗಿಯ ಕೆನ್ನೆ ನೋಡಿದ. ಅಷ್ಟರಲ್ಲಿ ಅಣ್ಣ ಹೊಲದಿಂದ ಬಂದ. ಅವನಿಗೂ ತೋರಿಸಿದೆ. ಅವನ ಮುಖ ಇಳಿಯಿತು. ಆಮೇಲೆ ಅವನಾಡಿದ ಮಾತು ತನಗೆ ತಾನೇ ಸಮಾಧಾನ ಹೇಳಿಕೊಳ್ಳುವಂತಿತ್ತು. ಹಾಗಾದರೆ ಹರಿಯಬ್ಬೆಗೆ ಹೋಗಿ ಇದನ್ನೇ ತೋರಿಸಾಣ, ಸಂಬಂಧ ಕೂಡಿಬರುತ್ತೆ ಅಂದ.

"ನಾನು ಆ ಮನೆಗೆ ಹೋಗಲ್ಲ" ಎಂದಳು ಹುಡುಗಿ, ಒಡೆದ ತುಟಿಯಿಂದಲೇ.

ಅವನ ಕೈ ಮೇಲೆದ್ದಿತು. ಅದು ಇಳಿಯುವ ಮೊದಲೇ ನಾನು ಹಿಡಿದೆ. ಸ್ಪ್ಯಾನರ್ ನೆನಪಾಗಲೇ ಇಲ್ಲ. ಎಡಗೈ ಮುಷ್ಟಿಯಿಂದ ಅವನ ಬಾಯಿಗೆ ಗುದ್ದಿದೆ, ಇಬ್ಬರೂ ಅಂಗಳಕ್ಕೆ ಬಿದ್ದೆವು. ಅವನ ಎದೆಯ ಮೇಲೆ ಕೂತು ಹೊಡೆದೆ. ಹುಡುಗಿಯನ್ನು ಕಾಪಾಡಲು ಒಂದು ಏಟು ಸಾಕಿತ್ತು. ಉಳಿದವೆಲ್ಲ ನನ್ನವು. ಅವನ ಹಲ್ಲು ನನ್ನ ಗೆಣ್ಣಿಗೆ ನಾಟಿ ಮುರಿದಾಗ ಖುಷಿಯಾಯಿತು, ಸುಳ್ಳು ಹೇಳಲಾರೆ. ಅವನು ಹೊಡೆಯುವುದು ಬಿಟ್ಟು ಮುಖ ಮುಚ್ಚಿಕೊಂಡ ಮೇಲೂ ನಾನು ನಿಲ್ಲಿಸಲಿಲ್ಲ. ಕೊನೆಗೆ ಅವರಮ್ಮ ಕಚ್ಚಾಡುವ ನಾಯಿಗಳಿಗೆ ಸುರಿದಂತೆ ಬಿಂದಿಗೆ ನೀರನ್ನು ನಮ್ಮಿಬ್ಬರ ಮೇಲೂ ಸುರಿದರು.

"ಇಬ್ರೂ ಸಾಯ್ರಿ, ಅತ್ಲಾಗೆ ಹೋಗಿ" ಎಂದರು.

ಒದ್ದೆ ಬಟ್ಟೆಯಲ್ಲೇ ಬಸ್ಸಿಗೆ ಬಂದೆ. ಮಾವ ಲ್ಯಾಪ್‌ಟಾಪನ್ನು ತನ್ನ ಟವೆಲಿನಲ್ಲಿ ಒರೆಸಿ, ಬಸ್ ಸ್ಟಾಪಿನವರೆಗೆ ಹೊತ್ತು ತಂದುಕೊಟ್ಟ. ಕ್ಷಮೆಯನ್ನು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹರಿಯಬ್ಬೆಯವರು ನಿಜ ತಿಳಿದು ಮತ್ತೆ ಹೇಳಿಕಳಿಸಿದರಂತೆ. ಹುಡುಗಿ ಒಪ್ಪಲಿಲ್ಲ. ಹೊಸದುರ್ಗದಲ್ಲಿ ಚಿಕ್ಕಮ್ಮನ ಮನೆಗೆ ಹೋಗಿ ಒಂದು ಗಾರ್ಮೆಂಟ್ಸಿಗೆ ಸೇರಿದಳು. ಆರು ತಿಂಗಳ ಮೇಲೆ ಯಾವುದೋ ಅರ್ಜಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕೆಂದು ಒಬ್ಬಳೇ ನನ್ನ ಅಂಗಡಿಗೆ ಬಂದಳು. ಹೊಸದುರ್ಗದಲ್ಲಿ ಬೇಕಾದಷ್ಟು ಸ್ಟುಡಿಯೋಗಳಿವೆ. ಇಲ್ಲಿಗೇಕೆ ಬಂದಳೋ ನಾನು ಕೇಳಲಿಲ್ಲ. ಫೋಟೋ ತೆಗೆದ ಮೇಲೆ, ನನ್ನ ಸೋಮಾರಿತನದಿಂದ ನಿನಗೆ ಏಟು ಬಿತ್ತು ತಾಯಿ ಅಂದೆ.

"ಧೂಳು ಕೂತಿದ್ದು ನಿಮ್ಮ ಕ್ಯಾಮೆರಾದಾಗೆ. ಹೊಡಿ ಅಂತ ಅದೇನೂ ಹೇಳಿರ್ಲಿಲ್ಲ" ಎಂದಳು. ದುಡ್ಡು ಎಣಿಸಿ ಕೊಡುತ್ತಾ, ಅಣ್ಣ ಈಗ ಮನೆಯಲ್ಲಿ ಯಾರ ಮೇಲೂ ಕೈ ಎತ್ತುವುದಿಲ್ಲ ಎಂದೂ ಹೇಳಿದಳು. ಅದು ನನ್ನ ಏಟಿನಿಂದಲೋ ಬೇರೆ ಯಾವುದರಿಂದಲೋ ಅವಳಿಗೂ ತಿಳಿಯದು. ನನ್ನ ಏಟಿನಿಂದ ಎಂದುಕೊಳ್ಳಲು ಮನಸ್ಸಾಯಿತು. ಹಾಗೆ ಅನ್ನಿಸಿದ್ದಕ್ಕೇ ನನಗೆ ಭಯವೂ ಆಯಿತು.